ಮನಸ್ಸು ಹೇಳಿದ್ದೆಲ್ಲ ನಿಜವಾ? ಸಿಬಿಟಿ ನಡೆದು ಬಂದ ದಾರಿ

'ಪಾಸಿಟಿವ್ ಆಗಿ ಯೋಚನೆ ಮಾಡಿ, ಎಲ್ಲ ಸರಿಹೋಗುತ್ತೆ' ಎಂದು ಬೆಳಗಾಗುತ್ತಲೇ ವಾಟ್ಸಾಪ್‌ನಲ್ಲಿ ಉಪದೇಶ ಕಳಿಸುವವರೂ ಈಗ ಸಿಬಿಟಿ ಹೆಸರು ಹೇಳುತ್ತಾರೆ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಆಲೋಚನೆ ಮತ್ತು ನಡವಳಿಕೆ ಎರಡರ ಮೇಲೂ ಕೆಲಸ ಮಾಡುವ ಮಾತಿನ ಚಿಕಿತ್ಸೆಯ ಹೆಸರು ಅದು. ಆದರೆ ಅದು ಹುಟ್ಟಿದ್ದು 'ಒಳ್ಳೆಯದನ್ನೇ ಯೋಚಿಸು' ಎಂಬ ಸಲಹೆಯಿಂದಲ್ಲ, 'ನೀನು ಯೋಚಿಸುತ್ತಿರುವುದು ನಿಜವಾ, ನೋಡೋಣ' ಎಂಬ ಪ್ರಶ್ನೆಯಿಂದ. ಎರಡಕ್ಕೂ ಅಜಗಜಾಂತರ.

ಆ ಪ್ರಶ್ನೆ ಎದ್ದದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಆರನ್ ಬೆಕ್ ಆಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಪರಂಪರೆಯಲ್ಲೇ ಪಳಗಿದವರು. ಬೇರೆಯವರ ಮೇಲಿನ ಸಿಟ್ಟು ತನ್ನ ಮೇಲೇ ತಿರುಗಿದರೆ ಅದೇ ಖಿನ್ನತೆ ಎಂದು ಆ ಪರಂಪರೆ ಹೇಳುತ್ತಿತ್ತು. ಇದನ್ನು ಸಾಬೀತು ಮಾಡಲೆಂದೇ ಬೆಕ್ ಖಿನ್ನತೆಯಿದ್ದವರ ಕನಸುಗಳನ್ನು ಕಲೆಹಾಕಿದರು. ಅವರು ಹುಡುಕಿದ ಸಿಟ್ಟು ಸಿಗಲಿಲ್ಲ. ಸಿಕ್ಕಿದ್ದು ಸೋಲು, ನಷ್ಟ, ಯಾರಿಗೂ ಬೇಡವಾದೆ ಎಂಬ ಕೊರಗು.

ಇನ್ನೊಂದು ಘಟನೆಯನ್ನು ಬೆಕ್ ಮುಂದೆ ನೆನೆಸಿಕೊಂಡಿದ್ದಾರೆ. ಒಬ್ಬ ಮಹಿಳೆ ತಮ್ಮ ಖಾಸಗಿ ಬದುಕಿನ ಕಥೆ ಹೇಳುತ್ತಿದ್ದರು. ಹೇಳುವಾಗ ಆತಂಕವೂ ಆಗುತ್ತಿತ್ತು. ಅದಕ್ಕೆ ಬೆಕ್ ಪುಸ್ತಕದಲ್ಲಿದ್ದ ವಿವರಣೆಯನ್ನೇ ಕೊಟ್ಟರು. ಆಕೆ ಹೇಳಿದ್ದೇ ಬೇರೆ: ನನ್ನ ಮಾತಿನಿಂದ ನಿಮಗೆ ಬೇಜಾರಾಗುತ್ತಿದೆಯೇನೋ ಅಂತ ಹೆದರಿಕೆ. ಅಂದರೆ ಬಾಯಿ ಒಂದು ಕಥೆ ಹೇಳುತ್ತಿದ್ದಾಗ, ಒಳಗೊಳಗೇ ಇನ್ನೊಂದು ಮಾತು ಓಡುತ್ತಿತ್ತು. ಯಾರೂ ಕೇಳದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ. ಹೀಗೆ ತಾವಾಗಿಯೇ ಮಿಂಚಿ ಹೋಗುವ ಆಲೋಚನೆಗಳನ್ನು ಹಿಡಿದು ಪರೀಕ್ಷಿಸುವುದೇ ಬೆಕ್ ಅವರ ಚಿಕಿತ್ಸೆಯ ಬುನಾದಿಯಾಯಿತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಅದೇ ಜಾಗಕ್ಕೆ ಬೇರೆ ದಾರಿಯಿಂದ ಬಂದರು. ಅವರದು ಖಾರದ ನಾಲಿಗೆ. ಜನರನ್ನು ಕದಡುವುದು ಘಟನೆಗಳಲ್ಲ, ಘಟನೆಗಳ ಬಗ್ಗೆ ಅವರಿಗಿರುವ ಅಭಿಪ್ರಾಯ ಎಂದು ಗ್ರೀಕ್ ಚಿಂತಕ ಎಪಿಕ್ಟೆಟಸ್ ಸುಮಾರು 1900 ವರ್ಷಗಳ ಹಿಂದೆ ಹೇಳಿದ್ದನ್ನು ಎಲ್ಲಿಸ್ ಬಿಡದೆ ನೆನಪಿಸುತ್ತಿದ್ದರು. 19ನೇ ವಯಸ್ಸಿನಲ್ಲಿ ಅವರಿಗೆ ಹುಡುಗಿಯರನ್ನು ಮಾತಾಡಿಸಲು ಭಾರೀ ಸಂಕೋಚವಂತೆ. ಬ್ರಾಂಕ್ಸ್‌ನ ಸಸ್ಯೋದ್ಯಾನಕ್ಕೆ ಒಂದು ತಿಂಗಳು ಹೋಗಿ, ಬೆಂಚಿನ ಮೇಲೆ ಒಬ್ಬರೇ ಕೂತ ಮಹಿಳೆಯರನ್ನು ಹಟ ಹಿಡಿದು ಮಾತಾಡಿಸಿದರು. ಅವರೇ ಕೊಟ್ಟ ಲೆಕ್ಕದ ಪ್ರಕಾರ ನೂರು ಜನ ಮಾತಾಡಿದರು, ಒಬ್ಬರು ಮಾತ್ರ ಮತ್ತೆ ಸಿಗುತ್ತೇನೆ ಎಂದರು. ಅವರೂ ಬರಲಿಲ್ಲ! ಆದರೆ ಯಾರೂ ಹೊಡೆಯಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಸಂಕೋಚ ಹೋಯಿತು. (ಇವತ್ತು ಪಾರ್ಕಿನಲ್ಲಿ ಯಾರೂ ಇದನ್ನು ಮಾಡಲು ಹೋಗಬೇಡಿ. ಎದುರಿಗಿರುವವರ ನೆಮ್ಮದಿಯೂ ಮುಖ್ಯ, ಅಲ್ವಾ?)

ಎಲ್ಲಿಸ್ ಪಾರ್ಕಿನಲ್ಲಿ ಮಾಡಿದ್ದು ಯೋಚನೆಯಲ್ಲ, ಕೆಲಸ. ಸಿಬಿಟಿಯ ಇನ್ನೊಂದು ಕಾಲು ಇರುವುದೇ ಅಲ್ಲಿ, ಮತ್ತು ಅದು ಇನ್ನೂ ಹಳೆಯದು. 1924ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗ ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಅವನ ಹೆದರಿಕೆ ಬಿಡಿಸಿದ್ದರು. ಆಮೇಲೆ ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ಇಂಥದ್ದನ್ನೇ ಹಂತಹಂತದ ಚಿಕಿತ್ಸೆಯಾಗಿ ಬೆಳೆಸಿದರು.

1977ರಲ್ಲಿ ಬೆಕ್ ತಂಡ 41 ರೋಗಿಗಳ ಒಂದು ಸಣ್ಣ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಆಗ ಖಿನ್ನತೆಗೆ ಕೊಡುತ್ತಿದ್ದ ಇಮಿಪ್ರಮಿನ್ ಮಾತ್ರೆಗಿಂತ ಈ ಮಾತಿನ ಚಿಕಿತ್ಸೆಯೇ ಒಂದು ಕೈ ಮೇಲೆ ಬಂತು. ನಂತರದ ದೊಡ್ಡ ಅಧ್ಯಯನಗಳು ಅಷ್ಟು ಉತ್ಸಾಹ ತೋರಿಸಲಿಲ್ಲ, ಎರಡೂ ಹೆಚ್ಚುಕಡಿಮೆ ಸಮ ಎಂದವು. ಆದರೂ ಬಾಗಿಲು ತೆರೆದಾಗಿತ್ತು. 1980ರ ಹೊತ್ತಿಗೆ ಜನಸಾಮಾನ್ಯರಿಗಾಗಿ ಪುಸ್ತಕಗಳೂ ಬಂದವು. ಕ್ಲಿನಿಕ್ಕಿನ ತಂತ್ರ ಮನೆಯ ನೋಟ್‌ಬುಕ್ಕಿಗೆ ಇಳಿಯಿತು.

ಆ ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತಾರೆ? ಒಬ್ಬ ಶಾಲಾ ಶಿಕ್ಷಕಿ ಎಂದುಕೊಳ್ಳಿ. ಸ್ಟಾಫ್ ರೂಮಿಗೆ ಕಾಲಿಟ್ಟ ತಕ್ಷಣ ಅಲ್ಲಿದ್ದವರ ಮಾತು ನಿಂತಿತು. 'ನನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದರು' ಅನ್ನಿಸಿತು. ಇದನ್ನು ಎಷ್ಟು ನಂಬುತ್ತೀರಿ? ನೂರಕ್ಕೆ 90. ಇದಕ್ಕೆ ಆಧಾರ: ಮಾತು ನಿಂತದ್ದು ನಿಜ, ಹೋದ ವಾರ ಟೈಮ್‌ಟೇಬಲ್ ವಿಷಯಕ್ಕೆ ಜಗಳವಾದದ್ದೂ ನಿಜ. ಇದರ ವಿರುದ್ಧ: ಅದೇ ಹೊತ್ತಿಗೆ ಬೆಲ್ ಹೊಡೆದಿತ್ತು, ಅವರಲ್ಲೊಬ್ಬರು ನಿನ್ನೆಯಷ್ಟೇ ಉತ್ತರಪತ್ರಿಕೆ ತಿದ್ದಲು ಸಹಾಯ ಕೇಳಿದ್ದರು. ಎಲ್ಲ ಬರೆದು ಮತ್ತೆ ನೋಡಿದರೆ ನಂಬಿಕೆ 50ಕ್ಕೆ ಇಳಿದಿರಬಹುದು. ಸೊನ್ನೆಗಲ್ಲ. ಇಳಿಯಬೇಕಾಗಿಯೂ ಇಲ್ಲ. ಆ 50ರಲ್ಲಿ ಮಧ್ಯಾಹ್ನದ ಪಾಠ ಮಾಡಬಹುದು, ರಾತ್ರಿ ನಿದ್ದೆ ಮಾಡಬಹುದು. 'ಎಲ್ಲರಿಗೂ ನಾನಂದ್ರೆ ಇಷ್ಟ' ಎಂದು ಸುಮ್ನೆ ನೂರು ಸಲ ಹೇಳಿಕೊಂಡರೆ ಇದು ಆಗುವುದಿಲ್ಲ. ಆ ಮಾತನ್ನು ಅವರ ಮನಸ್ಸೇ ನಂಬುವುದಿಲ್ಲ. ಅಕಸ್ಮಾತ್ ನಿಜವಾಗಿಯೂ ಆಡಿಕೊಳ್ಳುತ್ತಿದ್ದರೆ? ಆಗ ಕೆಲಸ ಆಲೋಚನೆ ತಿದ್ದುವುದಲ್ಲ, ಹೋಗಿ ಮಾತಾಡುವುದು.

ಆದರೆ ಬರೆಯಲು ಕೂರುವಷ್ಟೂ ತ್ರಾಣವಿಲ್ಲದ ದಿನಗಳಿರುತ್ತವೆ. ಅಂಥ ದಿನಗಳ ಮಟ್ಟಿಗೆ ನನಗೆ ಮುಖ್ಯ ಅನ್ನಿಸುವುದು 1996ರಲ್ಲಿ ನೀಲ್ ಜೇಕಬ್ಸನ್ ತಂಡ ಅಮೆರಿಕದಲ್ಲಿ ಮಾಡಿದ ಅಧ್ಯಯನ. ಅವರು ಬೆಕ್ ಚಿಕಿತ್ಸೆಯನ್ನು ಬಿಡಿಬಿಡಿ ಮಾಡಿ ನೋಡಿದರು. ಆಲೋಚನೆಯ ತಂಟೆಗೇ ಹೋಗದೆ, ಬಿಟ್ಟುಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸಿದರೂ ಖಿನ್ನತೆ ಇಡೀ ಚಿಕಿತ್ಸೆಯಷ್ಟೇ ಕಡಿಮೆಯಾಯಿತು. ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾಯುವುದಲ್ಲ, ಮಾಡುತ್ತಾ ಹೋದಂತೆ ಮನಸ್ಸು ಬರುತ್ತದೆ. ಸಂಜೆ ತರಕಾರಿ ತರಲು ನಡೆದೇ ಹೋಗುವುದು, ತಂಗಿಗೆ ಫೋನ್ ಮಾಡುವುದು, ಇಷ್ಟು ಸಣ್ಣದರಿಂದಲೇ ಶುರು.

ಇದಕ್ಕೆ ದೊಡ್ಡ ಡಿಗ್ರಿ ಬೇಕಿಲ್ಲ ಎಂದು ತೋರಿಸಿದ್ದು ನಮ್ಮ ಪಕ್ಕದ ಗೋವಾ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅಲ್ಲಿನ ಸಂಗತ್ ಎಂಬ ಸ್ವಯಂಸೇವಾ ಸಂಸ್ಥೆಯವರು ಮನೋವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಖಿನ್ನತೆಯಿದ್ದ 493 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಆರೈಕೆಯ ಜೊತೆಗೆ ಇಂಥದ್ದೇ ಆರೆಂಟು ಭೇಟಿಗಳ ನೆರವು ಸಿಕ್ಕಿತು. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಮೂರು ತಿಂಗಳಲ್ಲಿ ಅವರಲ್ಲಿ 64% ಜನ ಖಿನ್ನತೆಯಿಂದ ಹೊರಬಂದಿದ್ದರು. ಬರೀ ಮಾಮೂಲಿ ಆರೈಕೆ ಪಡೆದವರಲ್ಲಿ 39%.

ಹಾಗಂತ ಎಲ್ಲವನ್ನೂ ಆಲೋಚನೆಯ ತಲೆಗೆ ಕಟ್ಟುವುದು ಅನ್ಯಾಯ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ, ಗಂಡ ಹೊಡೆಯುತ್ತಿರುವಾಗ 'ನಿನ್ನ ದೃಷ್ಟಿಕೋನ ಬದಲಾಯಿಸಿಕೋ' ಅನ್ನುವುದು ಚಿಕಿತ್ಸೆಯಲ್ಲ. ಬೇಸರ ಎರಡು ವಾರ ದಾಟಿ, ನಿದ್ದೆ, ಊಟ, ಕೆಲಸ ಎಲ್ಲ ಕೆಡುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ನೋಟ್‌ಬುಕ್ ಪಕ್ಕಕ್ಕಿಡಿ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.