ಶೇಕಡಾ ತೊಂಬತ್ತನಾಲ್ಕು ಜಾಗ ಕೊಟ್ಟ ಮೇಲೂ ಕೆಲಸ ನಿಲ್ಲುವುದೇಕೆ

ದೊಡ್ಡ ಕಾಮಗಾರಿಗಳ ವಿಳಂಬವನ್ನು ಲೆಕ್ಕ ಹಾಕಿ ವರದಿ ಕೊಡುವ ಕೆಲಸ ನನ್ನದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಾನು ಕೂತ ಸಭೆಗಳಲ್ಲಿ ಊರು ಬದಲಾಗಿದೆ, ಇಲಾಖೆ ಬದಲಾಗಿದೆ, ಗುತ್ತಿಗೆದಾರರು ಬದಲಾಗಿದ್ದಾರೆ, ಒಂದು ವಾಕ್ಯ ಮಾತ್ರ ಬದಲಾಗಿಲ್ಲ. ‘ಜಾಗದಲ್ಲಿ ಶೇ 94ರಷ್ಟನ್ನು ಬಿಟ್ಟುಕೊಟ್ಟಿದ್ದೇವೆ, ಭೌತಿಕ ಪ್ರಗತಿ ಶೇ 66 ದಾಟಿದೆ, ಇಷ್ಟಾದ ಮೇಲೂ ಈ ಗುತ್ತಿಗೆದಾರರಿಗೆ ಮೂರು ತಿಂಗಳ ಹೆಚ್ಚುವರಿ ಅವಧಿ ಯಾವ ಲೆಕ್ಕದಲ್ಲಿ ಕೊಡಬೇಕು?’ ಇದನ್ನು ಕೇಳುವವರು ಕೆಲಸ ಗೊತ್ತಿಲ್ಲದವರಲ್ಲ. ಕಾಂಕ್ರೀಟಿನ ಬಣ್ಣ ನೋಡಿ ನೀರು ಹೆಚ್ಚಾಗಿದೆಯೆಂದು ಹೇಳಬಲ್ಲ ಹಿರಿಯ ಎಂಜಿನಿಯರುಗಳೂ ಇದೇ ಪ್ರಶ್ನೆ ಕೇಳುತ್ತಾರೆ. ಅದಕ್ಕಾಗಿಯೇ ಇದೊಂದೇ ಸಂಗತಿಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹತ್ತಿರದಿಂದ ನೋಡಿದ ಒಂದು ಮೇಲ್ಸೇತುವೆಯ ಕೆಲಸದಲ್ಲಿ 62 ಅಂಕಣಗಳಿದ್ದವು, ಎರಡು ಕಂಬಗಳ ನಡುವಿನ ಭಾಗ ಒಂದು ಅಂಕಣ. ಕಾಸ್ಟಿಂಗ್ ಯಾರ್ಡಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಸೆಗ್ಮೆಂಟುಗಳನ್ನು ತಂದು, ಕಂಬಗಳ ಮೇಲೆ ಕೂತ ಲಾಂಚಿಂಗ್ ಗರ್ಡರಿನಿಂದ ಒಂದೊಂದಾಗಿ ಎತ್ತಿ ಜೋಡಿಸಿ, ಉಕ್ಕಿನ ಕೇಬಲ್ ಎಳೆದು ಬಿಗಿದು, ಆ ಅಂಕಣ ಮುಗಿದ ಮೇಲೆ ಗರ್ಡರು ತಾನೇ ಮುಂದಿನ ಕಂಬಕ್ಕೆ ಸರಿಯುವ ವಿಧಾನ ಅದು. ನೂರಾರು ಟನ್ ತೂಕದ ಆ ಯಂತ್ರಕ್ಕೆ ಮುಂದೆ ಕಾಲೂರಲು ಕಂಬ ಬೇಕು. ಪಿ-37 ಎಂಬ ಕಂಬದ ಅಡಿಪಾಯದ ಜಾಗದಲ್ಲಿ 11 ಕೆವಿ ಭೂಗತ ವಿದ್ಯುತ್ ಕೇಬಲ್ ಹಾದುಹೋಗಿತ್ತು, ಅದನ್ನು ಸ್ಥಳಾಂತರಿಸಬೇಕಾದ ಸಂಸ್ಥೆಗೂ ಹಣ ಕಟ್ಟಬೇಕಾದ ಇಲಾಖೆಗೂ ನಡುವೆ ಕಡತ ಓಡಾಡುತ್ತಿತ್ತು. ಗರ್ಡರು ಪಿ-36ರ ಮೇಲೆ ಬಂದು ನಿಂತಿತು. ಅದನ್ನು ಬಿಚ್ಚಿ ಇಳಿಸಿ ಆಚೆ ಬದಿಯಲ್ಲಿ ಮತ್ತೆ ಕಟ್ಟಿ, ಭಾರ ಪರೀಕ್ಷೆ ಮಾಡಿ, ಅನುಮೋದನೆ ಪಡೆಯಲು ವಾರಗಟ್ಟಲೆ ಬೇಕು, ಖರ್ಚೂ ದೊಡ್ಡದು. ಕೇಬಲ್ ಇವತ್ತು ಸರಿಯುತ್ತದೆ, ನಾಳೆ ಸರಿಯುತ್ತದೆ ಎಂದು ಕಾದರು. ಗರ್ಡರು ಅಲ್ಲಿಯೇ 97 ದಿನ ನಿಂತಿತ್ತು.

ಆ 97 ದಿನಗಳಲ್ಲಿ ಯೋಜನೆಯ ಶೇಕಡಾವಾರು ಪ್ರಗತಿ 58ರಿಂದ 66ಕ್ಕೆ ಏರಿತು. ಉಳಿದ ಕಡೆ ಕಂಬಗಳು ಏಳುತ್ತಿದ್ದವು, ಯಾರ್ಡಿನಲ್ಲಿ ಸೆಗ್ಮೆಂಟುಗಳ ಎರಕ ನಡೆದಿತ್ತು, ಸರ್ವಿಸ್ ರಸ್ತೆಯ ಚರಂಡಿ ಮುಗಿದಿತ್ತು, ಎಲ್ಲಕ್ಕೂ ಬಿಲ್ಲು ಆಗುತ್ತಿತ್ತು. ಇಲಾಖೆಯ ಹಾಳೆಯಲ್ಲಿ ಕೆಲಸ ಭರದಿಂದ ಸಾಗಿತ್ತು, ಯೋಜನೆ ಮುಗಿಯುವ ದಿನಾಂಕ ಮಾತ್ರ ಪ್ರತಿದಿನ ಒಂದು ದಿನ ಮುಂದಕ್ಕೆ ಹೋಗುತ್ತಿತ್ತು. ಇವೆರಡೂ ಏಕಕಾಲಕ್ಕೆ ನಿಜವಾಗಿರಬಹುದು ಎಂಬುದನ್ನು ಒಪ್ಪಿಸಲು ನಾನು ಕಳೆದಷ್ಟು ಗಂಟೆಗಳನ್ನು ಬೇರೆ ಯಾವ ವಿಷಯಕ್ಕೂ ಕಳೆದಿಲ್ಲ.

ಮಂಡ್ಯ ಸೀಮೆಯಿಂದ ಬಂದ ಒಬ್ಬ ಕಾರ್ಯಪಾಲಕ ಎಂಜಿನಿಯರರಿಗೆ ಇದನ್ನು ಹೇಳುವಾಗ ನಾನು ಗದ್ದೆಯ ಲೆಕ್ಕ ಹೇಳಿದೆ. ನಾಟಿಗೆ ಮುಂಚೆ ಉಳುಮೆ ಆಗಬೇಕು, ಬದು ಕಟ್ಟಬೇಕು, ಗೊಬ್ಬರ ತಂದು ಹಾಕಬೇಕು, ನಾಲೆಯ ನೀರು ಬರಬೇಕು, ಆಳು ಹೇಳಿರಬೇಕು. ಇವೆಲ್ಲ ಶೇ 95ರಷ್ಟು ಕೆಲಸ ಎನ್ನಿ. ಆದರೆ ಒಟ್ಲು, ಅಂದರೆ ಭತ್ತದ ಸಸಿಮಡಿ, ಬಿಟ್ಟು ಇಪ್ಪತ್ತೈದು ದಿನವಾದರೂ ಆಗದೆ ಪೈರು ಕೀಳಲು ಬರುವುದಿಲ್ಲ. ಒಟ್ಲು ಹತ್ತು ದಿನ ತಡವಾಗಿ ಬಿಟ್ಟವನ ನಾಟಿ ಹತ್ತು ದಿನ ತಡವೇ, ಬದು ಎಷ್ಟು ಚೆನ್ನಾಗಿ ಕಟ್ಟಿದ್ದರೂ ಸರಿ. ಬದು ಕಟ್ಟುವುದನ್ನು ನಾಲ್ಕು ದಿನ ಮುಂದೂಡಿದವನಿಗೆ ಏನೂ ನಷ್ಟವಾಗುವುದಿಲ್ಲ, ಏಕೆಂದರೆ ಆ ಕೆಲಸಕ್ಕೆ ಬಿಡುವು ಇತ್ತು. ಹೀಗೆ ಬಿಡುವೇ ಇಲ್ಲದ ಕೆಲಸಗಳ ಸರಣಿಯನ್ನು ನಾವು ಕ್ರಿಟಿಕಲ್ ಪಾತ್ ಎನ್ನುತ್ತೇವೆ, ಇತರ ಕೆಲಸಗಳಿಗಿರುವ ಬಿಡುವನ್ನು ಫ್ಲೋಟ್ ಎನ್ನುತ್ತೇವೆ. 1957ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತನ್ನ ರಾಸಾಯನಿಕ ಕಾರ್ಖಾನೆಗಳ ಕಾಮಗಾರಿಗಾಗಿ ರೂಪಿಸಿಕೊಂಡ ಈ ಲೆಕ್ಕ ಇವತ್ತು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಆ ಎಂಜಿನಿಯರರು ಒಂದು ನಿಮಿಷ ಸುಮ್ಮನಿದ್ದು, ‘ಹಾಗಾದರೆ ನಾವು ಕೊಡದೆ ಉಳಿಸಿದ ಶೇ 6ರಲ್ಲಿ ಒಟ್ಲು ಇತ್ತು’ ಎಂದರು. ಅಷ್ಟು ಸ್ಪಷ್ಟವಾಗಿ ನಾನೂ ಹೇಳಿರಲಿಲ್ಲ.

ಇನ್ನೂ ಒಂದು ಮಾತು ಸೇರಿಸಬೇಕು. ಈ ಸರಣಿ ಒಂದೇ ಕಡೆ ನಿಲ್ಲುವುದಿಲ್ಲ. ಆರಂಭದಲ್ಲಿ ನಾಲ್ಕು ತಿಂಗಳ ಬಿಡುವಿದ್ದ ಕೆಲಸ, ಯಾರೂ ಗಮನಿಸದೆ ಹೋದರೆ, ಆ ಬಿಡುವನ್ನೆಲ್ಲ ತಿಂದು ಮುಗಿಸಿ ಐದನೆಯ ತಿಂಗಳಲ್ಲಿ ತಾನೇ ಕ್ರಿಟಿಕಲ್ ಆಗುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊ ಹಳದಿ ಮಾರ್ಗ ಇದಕ್ಕೆ ಎಲ್ಲರೂ ಕಂಡ ಉದಾಹರಣೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣಗಳ ಆ ಮಾರ್ಗದ ಎತ್ತರಿಸಿದ ಹಳಿದಾರಿಯೂ ನಿಲ್ದಾಣಗಳೂ ಬಹುಪಾಲು ಸಿದ್ಧವಾಗಿ ನಿಂತ ಮೇಲೂ ರೈಲು ಓಡಲಿಲ್ಲ, ಬೋಗಿಗಳು ಬಂದಿರಲಿಲ್ಲ. ಮೊದಲ ರೈಲು 2024ರ ಫೆಬ್ರವರಿಯಲ್ಲಿ ಬಂತು, ಮಾರ್ಗ ತೆರೆದದ್ದು 2025ರ ಆಗಸ್ಟ್ 10ರಂದು, ಅದೂ ಮೂರೇ ರೈಲುಗಳೊಂದಿಗೆ, ಇಪ್ಪತ್ತೈದು ನಿಮಿಷಕ್ಕೊಂದರಂತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ನಿಲ್ಲುತ್ತಿದ್ದವರಿಗೆ ತಲೆಯ ಮೇಲಿನ ಕಾಂಕ್ರೀಟು ಕಾಣುತ್ತಿತ್ತು, ರೈಲು ಏಕಿಲ್ಲವೆಂದು ಅವರು ಕೇಳಿದ್ದು ಸಹಜವೇ ಆಗಿತ್ತು. ಸಿವಿಲ್ ಕೆಲಸದ ಶೇಕಡಾವಾರು ಅವರಿಗೆ ಉತ್ತರ ಕೊಡಲಾರದು. ಆ ಹಂತದಲ್ಲಿ ಕಂಬ ಕಟ್ಟುವ ವೇಗವನ್ನು ಇಮ್ಮಡಿ ಮಾಡಿದ್ದರೂ ಮಾರ್ಗ ಒಂದು ದಿನವೂ ಮೊದಲೇ ತೆರೆಯುತ್ತಿರಲಿಲ್ಲ.

ವಿಳಂಬದ ದಿನಗಳು ಹುಟ್ಟಿದಷ್ಟೇ ಉದ್ದವಾಗಿ ಉಳಿಯುತ್ತವೆಂಬ ನಂಬಿಕೆಯೂ ಇದೇ ತಪ್ಪಿನ ಇನ್ನೊಂದು ಮುಖ. ಕರಾವಳಿಯ ಒಂದು ನದಿ ಸೇತುವೆಯಲ್ಲಿ ಫೆಬ್ರವರಿ ತಿಂಗಳಲ್ಲಿ ಅಡಿಪಾಯದ ನಕ್ಷೆಗೆ ಅನುಮೋದನೆ 22 ದಿನ ತಡವಾಯಿತು. ನದಿಯೊಳಗೆ ಮಣ್ಣಿನ ದಿಬ್ಬ ಹಾಕಿ, ಅದರ ಮೇಲೆ ನೆಲ ಕೊರೆಯುವ ರಿಗ್ ನಿಲ್ಲಿಸಿ ಅಡಿಪಾಯದ ಆಳದ ಕಂಬಗಳಾದ ಪೈಲ್ ಇಳಿಸಿ, ಮೇ ಕೊನೆಯೊಳಗೆ ಅವುಗಳ ತಲೆಯ ಮೇಲೆ ಕೂರುವ ಪೈಲ್ ಕ್ಯಾಪನ್ನೂ ಕಂಬದ ಬುಡವನ್ನೂ ಪ್ರವಾಹದ ಮಟ್ಟಕ್ಕಿಂತ ಮೇಲೆ ತರಬೇಕೆಂಬುದು ಕಾರ್ಯಕ್ರಮ. ನಡುಹೊಳೆಯ ಒಂದು ಕ್ಯಾಪಿನ ಕಬ್ಬಿಣ ಕಟ್ಟಿ ಮುಗಿದಿತ್ತು, ಕಾಂಕ್ರೀಟಿಗೆ ಎಂಟು ದಿನ ಬಾಕಿ, ಅಷ್ಟರಲ್ಲಿ ಮುಂಗಾರು ಹಿಡಿಯಿತು. ಜೂನ್ ಎರಡನೆಯ ವಾರದಲ್ಲಿ ನಾನು ದಡದಲ್ಲಿ ನಿಂತಾಗ ದಿಬ್ಬ ಕರಗಿ ಹೋಗಿತ್ತು, ಕೆಂಪು ನೀರಿನ ನಡುವೆ ಬಾಗಿದ ಸರಳುಗಳ ತುದಿಗಳಷ್ಟೇ ಕಾಣುತ್ತಿದ್ದವು. ಮತ್ತೆ ಕೆಲಸ ಶುರುವಾದದ್ದು ನವೆಂಬರಿನಲ್ಲಿ. ‘ನಾವು ತಡ ಮಾಡಿದ್ದು ಇಪ್ಪತ್ತೆರಡೇ ದಿನ’ ಎಂದು ಮಾಲೀಕರ, ಅಂದರೆ ಕೆಲಸ ಕೊಟ್ಟವರ, ಕಡೆಯವರು ವಾದಿಸಿದರು. ದಿನದ ಎಣಿಕೆ ಸರಿಯಾಗಿತ್ತು, ಪರಿಣಾಮ ಐದು ತಿಂಗಳದ್ದಾಗಿತ್ತು. ಕರಾವಳಿ, ಮಲೆನಾಡುಗಳಲ್ಲಿ ಕೆಲಸದ ಕಾರ್ಯಕ್ರಮ ಹಾಕುವವರು ಜೂನ್ ಒಂದನ್ನು ಗೋಡೆಯೆಂದು ತಿಳಿಯಬೇಕು, ಫೆಬ್ರವರಿಯ ಒಂದು ದಿನಕ್ಕೂ ಆಗಸ್ಟಿನ ಒಂದು ದಿನಕ್ಕೂ ಒಂದೇ ಬೆಲೆಯಿಲ್ಲ.

ಆದರೆ ಅದೇ ಸೇತುವೆಯಲ್ಲಿ ಗುತ್ತಿಗೆದಾರರು ಐದೂ ತಿಂಗಳಿಗೆ ಪರಿಹಾರ ಕೇಳಿದಾಗ ನಾನು ಅವರ ಪರವಾಗಿಯೂ ಬರೆಯಲಿಲ್ಲ. ಜನವರಿಯಲ್ಲಿ ಅವರ ಎರಡು ರಿಗ್‌ಗಳಲ್ಲಿ ಒಂದು ಕೆಟ್ಟು ಎರಡು ವಾರ ನಿಂತಿತ್ತು. ಇಬ್ಬರ ವಿಳಂಬಗಳೂ ಒಂದೇ ಮುಕ್ತಾಯದ ದಿನಾಂಕವನ್ನು ತಳ್ಳಿದಾಗ ಯಾವುದು ಎಷ್ಟು ತಳ್ಳಿತೆಂಬುದನ್ನು ಬಿಡಿಸುವುದು ಕಷ್ಟದ ಕೆಲಸ, ಇದರಲ್ಲಿ ತಜ್ಞರಲ್ಲಿಯೇ ಭಿನ್ನಾಭಿಪ್ರಾಯಗಳಿವೆ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಎರಡೂ ಕಡೆಯ ವಿಳಂಬ ನಿಜವಾಗಿ ಏಕಕಾಲದ್ದಾಗಿದ್ದರೆ ಗುತ್ತಿಗೆದಾರರಿಗೆ ಕಾಲಾವಕಾಶ ಸಿಗಬೇಕು, ಹಣ ಮಾತ್ರ ತನ್ನ ತಪ್ಪಿನ ಖರ್ಚಿನಿಂದ ಬೇರ್ಪಡಿಸಿ ತೋರಿಸಬಲ್ಲಷ್ಟಕ್ಕೇ ಸಿಗಬೇಕು. ಅದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ಕಾನೂನಲ್ಲ. ನಿಮ್ಮ ಕರಾರಿನಲ್ಲಿ ಏನು ಬರೆದಿದೆಯೋ ಅದನ್ನೇ ಮೊದಲು ಓದಬೇಕು, ಅನುಮಾನವಿದ್ದರೆ ವಕೀಲರನ್ನು ಕೇಳಬೇಕು.

ಹಣದ ವಿಷಯಕ್ಕೆ ಬಂದರೆ, ಕಾಲಾವಕಾಶ ಕೊಟ್ಟರೆ ತಾವೇನೋ ದಾನ ಮಾಡಿದಂತೆ ಮಾಲೀಕರು ಭಾವಿಸುವುದು ನನಗೆ ಬೇಸರ ತರಿಸುತ್ತದೆ. ಒಂದು ಯೋಜನೆಯಲ್ಲಿ ಆಗಲೇ 250 ಕೋಟಿ ರೂಪಾಯಿ ಸಾಲ ಎತ್ತಿದೆ, ಬಡ್ಡಿ ಶೇ 9 ಎಂದಿಟ್ಟುಕೊಳ್ಳಿ. ವರ್ಷಕ್ಕೆ 22.5 ಕೋಟಿ, ದಿನಕ್ಕೆ ಆರು ಲಕ್ಷಕ್ಕೂ ಮಿಗಿಲು. ಅತ್ತ ಗುತ್ತಿಗೆದಾರರಿಗೆ ಗರ್ಡರಿನ ಬಾಡಿಗೆ, ಯಾರ್ಡಿನ ನೆಲಬಾಡಿಗೆ, ಸಿಬ್ಬಂದಿಯ ಸಂಬಳ, ಬ್ಯಾಂಕ್ ಗ್ಯಾರಂಟಿಯ ಕಮಿಷನ್, ವಿಮೆಯ ಕಂತು ಇವೆಲ್ಲ ಕೆಲಸ ನಡೆದರೂ ನಿಂತರೂ ದಿನದ ಲೆಕ್ಕದಲ್ಲಿಯೇ ಏರುತ್ತವೆ. ಪಿ-37ರ ಕೇಬಲ್ ಸ್ಥಳಾಂತರಕ್ಕೆ ಬೇಕಾಗಿದ್ದ ಹಣ, ಕಡತ ಓಡಾಡಿದ ಮೊದಲ ವಾರದ ನಷ್ಟಕ್ಕಿಂತ ಕಡಿಮೆಯಿತ್ತು.

ಗುತ್ತಿಗೆದಾರರಿಂದ ವಸೂಲು ಮಾಡುವ ವಿಳಂಬ ದಂಡ ಇದನ್ನೆಲ್ಲ ತುಂಬಿಕೊಡುತ್ತದೆಂದು ನಂಬಿ ಕೂರುವುದೂ ಸರಿಯಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನಲ್ಲಿ ಅದರ ಗರಿಷ್ಠ ಮಿತಿ ಟೆಂಡರ್ ಮೊತ್ತದ ಶೇ 10. ಭಾರತೀಯ ಕರಾರು ಕಾಯ್ದೆ, 1872ರ 74ನೆಯ ಕಲಮು ಕೊಡಿಸುವುದು ಕರಾರಿನಲ್ಲಿ ಹೇಳಿದ ಮೊತ್ತವನ್ನು ಮೀರದ ‘ನ್ಯಾಯೋಚಿತ ಪರಿಹಾರ’ವನ್ನು. ನಷ್ಟವನ್ನು ಸಾಬೀತು ಮಾಡಲು ಸಾಧ್ಯವಿರುವಲ್ಲಿ ಸಾಬೀತು ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ತೀರ್ಪಿನಲ್ಲಿ ಹೇಳಿದೆ. 55ನೆಯ ಕಲಮು ಇನ್ನೂ ಒಂದು ಎಚ್ಚರಿಕೆ ಕೊಡುತ್ತದೆ: ಅವಧಿ ಮೀರಿದ ಕೆಲಸವನ್ನು ಒಪ್ಪಿಕೊಳ್ಳುವಾಗ ಪರಿಹಾರ ಕೇಳುವ ಉದ್ದೇಶವನ್ನು ಆಗಲೇ ತಿಳಿಸದಿದ್ದರೆ, ಆಮೇಲೆ ಕೇಳುವ ಹಕ್ಕನ್ನೇ ಕಳೆದುಕೊಳ್ಳುವ ಸಂದರ್ಭಗಳಿವೆ. ಗುತ್ತಿಗೆದಾರರಿಗೂ ಗಡುವುಗಳಿವೆ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ಮಾದರಿಯ ಕರಾರುಗಳಲ್ಲಿ ಅಡಚಣೆ ತಿಳಿದ, ಇಲ್ಲವೇ ತಿಳಿಯಬೇಕಾಗಿದ್ದ ದಿನದಿಂದ 28 ದಿನದೊಳಗೆ ನೋಟಿಸು ಹೋಗಬೇಕು. ‘ಸಾಹೇಬರ ಜೊತೆ ಸಂಬಂಧ ಚೆನ್ನಾಗಿದೆ, ಪತ್ರ ಬರೆದರೆ ಕೆಡುತ್ತದೆ’ ಎಂದು ತಡೆಯುವವರನ್ನು ನಾನು ಕಂಡಿದ್ದೇನೆ. ಅವರ ಒಳ್ಳೆಯತನದ ಬಗ್ಗೆ ನನಗೆ ಗೌರವವಿದೆ, ಆದರೆ ಆ ಸಾಹೇಬರಿಗೆ ಎಂಟು ತಿಂಗಳಲ್ಲಿ ವರ್ಗವಾಗುತ್ತದೆ, ಅನಂತರ ಬಂದವರ ಮುಂದೆ ಇರುವುದು ಕಡತವೊಂದೇ.

ಆದ್ದರಿಂದ ಯಾವ ಕೆಲಸಕ್ಕೆ ನನ್ನನ್ನು ಕರೆದರೂ ನಾನು ಮೊದಲು ಪ್ರಗತಿಯ ಶೇಕಡಾವಾರನ್ನು ಕೇಳುವುದಿಲ್ಲ. ಮೊದಲ ತಿಂಗಳು ಒಪ್ಪಿದ ಕಾರ್ಯಕ್ರಮದ ಮೂಲ ಕಂಪ್ಯೂಟರ್ ಫೈಲನ್ನೂ, ಪ್ರತಿ ತಿಂಗಳು ನಿಜವಾದ ದಿನಾಂಕಗಳನ್ನು ತುಂಬಿ ಬೇರೆಯಾಗಿ ಉಳಿಸಿದ ಫೈಲುಗಳನ್ನೂ ಕೇಳುತ್ತೇನೆ. ಬಹಳ ಕಡೆ ಹಳೆಯದರ ಮೇಲೆಯೇ ಹೊಸದನ್ನು ಬರೆದು ಅಳಿಸಿಬಿಟ್ಟಿರುತ್ತಾರೆ. ಆಮೇಲೆ ಅಡಚಣೆಗಳ ರಿಜಿಸ್ಟರ್ ತರಿಸುತ್ತೇನೆ. ಅದರಲ್ಲಿ ಸಾಮಾನ್ಯವಾಗಿ ‘ಮಳೆ, ಕೆಲಸ ನಿಂತಿದೆ’, ‘ಜಾಗ ಸಿಕ್ಕಿಲ್ಲ’ ಎಂಬಷ್ಟೇ ಇರುತ್ತದೆ. ಯಾವ ಕೆಲಸ ನಿಂತಿತು, ಅದಕ್ಕೆ ಅಂದು ಬಿಡುವು ಎಷ್ಟಿತ್ತು, ಎಷ್ಟು ಜನ ಮತ್ತು ಯಾವ ಯಂತ್ರ ಖಾಲಿ ಕೂತರು, ಅವರನ್ನು ಬೇರೆಡೆ ಹಚ್ಚಲು ಸಾಧ್ಯವಿತ್ತೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ನಮೂದಿನಿಂದ ಒಂದು ದಿನವನ್ನೂ ಸಾಧಿಸಲು ಬರುವುದಿಲ್ಲ.

ಆ ಮೇಲ್ಸೇತುವೆಯ ರಿಜಿಸ್ಟರಿನಲ್ಲಿಯೂ ಪಿ-37ರ ಬಗ್ಗೆ ಇದ್ದದ್ದು ಎರಡು ಸಾಲು. ನನಗೆ ದಾರಿ ತೋರಿದ್ದು ಗರ್ಡರ್ ತಂಡದ ಹಿರಿಯ ಮೇಲ್ವಿಚಾರಕರೊಬ್ಬರು. ಏಳನೆಯ ತರಗತಿಯವರೆಗೆ ಓದಿದವರು, ಅಂಗಿಯ ಜೇಬಿನಲ್ಲಿ ಹಿಡಿಸುವ ಪುಸ್ತಕದಲ್ಲಿ ದಿನವೂ ಬರೆಯುತ್ತಿದ್ದರು. ‘ಬೆಳಿಗ್ಗೆ 7.40. ಗರ್ಡರು 36ರ ಮೇಲೆ. ಗ್ಯಾಂಗ್ 14 ಜನ, ಜ್ಯಾಕ್ ಎರಡು, ಖಾಲಿ. ಕೇಬಲಿನವರು ಬಂದು ಅಳತೆ ತೆಗೆದು ಹೋದರು, ಗುಂಡಿ ತೆಗೆಯಲಿಲ್ಲ. ಮಧ್ಯಾಹ್ನ 6 ಜನರನ್ನು ಯಾರ್ಡಿಗೆ ಕಳಿಸಿದೆ.’ ಹೀಗೆ 97 ದಿನಗಳೂ ಅದರಲ್ಲಿದ್ದವು. ಅವುಗಳ ನಡುವೆ 26 ದಿನಗಳ ಪುಟಗಳಲ್ಲಿ ಗರ್ಡರಿನ ಮುಂದಿನ ವಿಂಚ್, ಅಂದರೆ ಎಳೆಯುವ ಯಂತ್ರ, ಕೆಟ್ಟು ಅದರ ಗೇರು ರಿಪೇರಿಗೆ ಹೋಗಿದ್ದುದನ್ನೂ ಅವರು ಬರೆದಿದ್ದರು. ಅಂದರೆ ಆ ದಿನಗಳಲ್ಲಿ ಕೇಬಲ್ ಸರಿಸಿಕೊಟ್ಟು ಕಂಬ ಎದ್ದಿದ್ದರೂ ಗರ್ಡರು ಕದಲುತ್ತಿರಲಿಲ್ಲ. ಗುತ್ತಿಗೆ ಕಂಪನಿಯ ಕಚೇರಿಯವರು ಆ ಪುಟಗಳನ್ನು ಬಿಟ್ಟು ಉಳಿದವನ್ನಷ್ಟೇ ಹಾಜರುಪಡಿಸೋಣವೆಂದರು. ನಾನು ಒಪ್ಪಲಿಲ್ಲ, ಪುಸ್ತಕವನ್ನು ಇಡಿಯಾಗಿ ಮಾಲೀಕರ ಎಂಜಿನಿಯರರ ಮುಂದಿಟ್ಟೆವು. ಅವರು ಎರಡು ದಿನ ಕೂತು ಪುಟಪುಟವನ್ನೂ ಓದಿದರು. 97 ದಿನಗಳಿಗೂ ಕಾಲಾವಕಾಶ ಕೊಟ್ಟರು, 71 ದಿನಗಳಿಗೆ ಹಣವನ್ನೂ ಒಪ್ಪಿದರು. ವಿಂಚ್ ಕೆಟ್ಟದ್ದನ್ನೂ ಬರೆದಿಟ್ಟವರು ಉಳಿದದ್ದನ್ನು ಸುಳ್ಳು ಬರೆದಿರಲಾರರು ಎಂಬುದು ಅವರು ತಮ್ಮ ಟಿಪ್ಪಣಿಯಲ್ಲಿ ಕೊಟ್ಟ ಕಾರಣ.