ಮಾಟ, ಮದ್ದು, ಮ್ಯಾಜಿಕ್: ಈ ಪದಗಳ ಹಿಂದೆ ಏನಿದೆ

"ಯಾರೋ ಮಾಟ ಮಾಡ್ಸಿದಾರೆ ಡಾಕ್ಟ್ರೇ" ಅಂತ ಬರೋರು ನಮ್ಮ ಕೊಡಗಲ್ಲಿ ಇವತ್ತಿಗೂ ಇದಾರೆ, ಚೆನ್ನಾಗಿ ಓದಿದವ್ರು, ದೊಡ್ಡ ಕಾಫಿ ತೋಟ ಇರೋರೂ ಬರ್ತಾರೆ. ಮಾನಸಿಕ ರೋಗಗಳ ವೈದ್ಯಳಾಗಿ ನಾನದನ್ನ ಮೂಢನಂಬಿಕೆ ಅಂತ ತಳ್ಳಿಹಾಕಲ್ಲ, ಆ ಪದ ಇಟ್ಕೊಂಡು ಅವ್ರು ಏನು ಹೇಳ್ತಿದಾರೆ ಅಂತ ಮೊದ್ಲು ಕೇಳಿಸ್ಕೋತೀನಿ.

ಮ್ಯಾಜಿಕ್ ಅನ್ನೋ ಪದನೇ ತಗೊಳ್ಳಿ. ಹಳೇ ಪರ್ಷಿಯನ್ನಲ್ಲಿ ಮಗುಶ್ ಅಂದ್ರೆ ಪೂಜಾರಿ, ಅಷ್ಟೇ. ಕ್ರಿ.ಪೂ. 520ರ ಆಸುಪಾಸಲ್ಲಿ ದೊರೆ ದಾರಿಯಸ್ ಬೆಹಿಸ್ತೂನ್ ಬಂಡೆ ಮೇಲೆ ಕೆತ್ತಿಸಿದ ಶಾಸನದಲ್ಲೂ ಆ ಪದ ಇದೆ. ಆಮೇಲೆ ಪರ್ಷಿಯನ್ನರು ಗ್ರೀಕರ ಮೇಲೆ ದಂಡೆತ್ತಿ ಹೋದ್ರು, ಶತ್ರುಗಳ ಪೂಜಾರಿ ಅಂದ್ಮೇಲೆ ಕೇಳ್ಬೇಕಾ, ಗ್ರೀಕರ ಬಾಯಲ್ಲಿ ಮಾಗೋಸ್ ಅಂದ್ರೆ ಮಂತ್ರವಾದಿ, ಮೋಸಗಾರ ಅನ್ನೋ ಬೈಗುಳನೂ ಆಯ್ತು, ಅದೇ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಜಾದೂನೂ ಪರ್ಷಿಯನ್ನೇ, ವೇದದ ಯಾತು ಅದರ ನೆಂಟ.

ಅಂದ್ರೆ ನಮ್ಮದಾದ್ರೆ ಪೂಜೆ, ಆಚೆಯವ್ರದ್ದಾದ್ರೆ ಮ್ಯಾಜಿಕ್. ಇದು ನಮ್ಮಲ್ಲೂ ಹಾಗೇ ಇದೆ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದ್ರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ಅನ್ನೋ ಔಷಧಿ ಗಿಡದ ಸೊಪ್ಪು ಕುದಿಸ್ತೀವಿ, ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತೆ, ಘಮ ಅಂತೂ ಮನೆ ತುಂಬಾ, ಅದರಲ್ಲೇ ಪಾಯಸ ಮಾಡಿ ತಿಂದ್ರೆ ಮೂತ್ರ ಕೆಂಪಗೆ ಹೋಗುತ್ತೆ. ಯಾರೂ ಹೆದರಲ್ಲ. ಅದೇ ನಾದಿನಿ ಮನೇಲಿ ಊಟ ಮಾಡಿ ಬಂದು ಹೊಟ್ಟೆ ಕೆಟ್ರೆ "ಮದ್ದು ಹಾಕಿದಾರೆ" ಅಂತಾರೆ! ಒಂದೇ ಪದ.

ಮಾಟ ಅನ್ನೋದು ಮಾಡು ಅನ್ನೋದ್ರಿಂದ ಬಂದಿದ್ದು, ನನ್ನ ಕೆಲಸದಲ್ಲಿ ಇದೇ ಮುಖ್ಯ, ಯಾಕಂದ್ರೆ ಗೇಟ್ ಹತ್ರ ಕುಂಕುಮ ಹಚ್ಚಿದ ನಿಂಬೆಹಣ್ಣು ನೋಡಿ ನಿದ್ದೆ ಬಿಟ್ಟೋರು ನನ್ ಹತ್ರ ಬಂದು ಕೇಳೋದು "ಏನಾಗಿದೆ" ಅಂತಲ್ಲ, "ಯಾರು ಮಾಡಿದ್ದು" ಅಂತ. ಉತ್ತರನೂ ಅವ್ರ ಹತ್ರ ರೆಡಿ ಇರುತ್ತೆ, ಆಸ್ತಿ ಪಾಲಲ್ಲಿ ಮುನಿಸ್ಕೊಂಡ ದಾಯಾದಿ, ಇಲ್ಲಾ ತೋಟದ ಲೈನ್ ಮನೆಗಳಲ್ಲಿ ಇರೋ ಬಡ ಕೆಲಸದವ್ರು, ತಿರುಗಿ ಮಾತಾಡೋಕೂ ಆಗದವ್ರು. ಇದು ನಂಗೆ ತುಂಬಾ ಸಂಕಟ ಕೊಡೋ ವಿಷ್ಯ. ನಿದ್ದೆ ಯಾವಾಗಿಂದ ಹೋಯ್ತು, ಅದಕ್ಕೂ ಮುಂಚೆ ಮನೇಲಿ ಏನಾಯ್ತು ಅಂತ ನಿಧಾನಕ್ಕೆ ಕೇಳ್ತಾ ಹೋದ್ರೆ ಸಾಲನೋ, ಸಾವೋ, ಮುರಿದ ಮದುವೆನೋ ಹೊರಗೆ ಬರುತ್ತೆ, ಎಷ್ಟೋ ಸಲ ಖಿನ್ನತೆ ಇರುತ್ತೆ, ಅದಕ್ಕೆ ಚಿಕಿತ್ಸೆ ಇದೆ.

ದೆವ್ವ ಬಿಡಿಸ್ತೀವಿ ಅಂತ ಕಟ್ಟಿಹಾಕಿ ಹೊಡೆಯೋದು ಕರ್ನಾಟಕದಲ್ಲಿ ಅಪರಾಧ, ಮಾಟಮಂತ್ರದ ವಿರುದ್ಧದ 2017ರ ಕಾಯ್ದೆ 2020ರ ಜನವರಿಯಿಂದ ಜಾರೀಲಿದೆ. ಮದ್ದು ತೆಗೀತೀವಿ ಅಂತ ಏನೋ ಕುಡಿಸಿ ವಾಂತಿ ಮಾಡ್ಸೋ ಕಡೆಗಂತೂ ದಯವಿಟ್ಟು ಹೋಗ್ಬೇಡಿ, ಮೈಯಲ್ಲಿನ ನೀರು, ಲವಣ ಕಮ್ಮಿಯಾಗಿ ಪ್ರಾಣಕ್ಕೇ ಬರಬಹುದು, ಶುಗರ್ ಇರೋರಿಗೆ, ವಯಸ್ಸಾದವ್ರಿಗೆ ಇನ್ನೂ ಕಷ್ಟ. ಕಾರಣರಿಗೆ, ಅಂದ್ರೆ ಮನೆತನದ ಹಿರಿಯರಿಗೆ, ಮೀದಿ (ಎಡೆ) ಇಡೋದಿದ್ರೆ ಇಡಿ, ದೇವಸ್ಥಾನಕ್ಕೆ ಹೋಗೋದಿದ್ರೆ ಹೋಗ್ಬನ್ನಿ, ಕೊಟ್ಟ ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ.