ರಜೆ ಮುಗಿಸಿ ಬಂದ ಮಗು 52ರಲ್ಲಿ 27 ಕಳೆದ್ರೆ 35 ಅಂದಾಗ

ಜೂನ್ ಮೊದಲನೇ ವಾರ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಾನು ಬೋರ್ಡ್ ಮೇಲೆ ಒಂದೇ ಒಂದು ಲೆಕ್ಕ ಬರೀತೀನಿ, 52ರಲ್ಲಿ 27 ಕಳೆಯಿರಿ ಅಂತ. ಮಾರ್ಚ್‌ನಲ್ಲಿ ಮೂರನೇ ಕ್ಲಾಸಲ್ಲಿದ್ದಾಗ ಇದೇ ಮಕ್ಕಳು ಸಲೀಸಾಗಿ 25 ಅಂತ ಬರೆದಿದ್ದು ಇನ್ನೂ ಕಣ್ಣಲ್ಲೇ ಇರುತ್ತೆ, ಆದ್ರೆ ಈಗ ನೋಡಿದ್ರೆ ಅರ್ಧಕ್ಕರ್ಧ ಸ್ಲೇಟಲ್ಲಿ 35. ಯಾಕೆ 35? ಬಿಡಿ ಸ್ಥಾನದ 2ರಲ್ಲಿ 7 ಹೋಗಲ್ಲ, ಪಕ್ಕದ ಹತ್ತರ ಸ್ಥಾನದಿಂದ ಒಂದು ತಗೋಬೇಕು ಅನ್ನೋದು ಮರೆತುಹೋಗಿ ಮಗು ಎರಡೂ ಕಡೆ ದೊಡ್ಡದರಲ್ಲಿ ಚಿಕ್ಕದನ್ನ ಕಳೆದುಬಿಟ್ಟಿದೆ. ಇದು ದಡ್ಡತನ ಅಲ್ಲ, ದಯವಿಟ್ಟು ಮಗೂನ ಬೈಬೇಡಿ. ಕಳೆಯೋದು ಅಂದ್ರೇನು ಅಂತ ಆ ಮಗುಗೆ ಚೆನ್ನಾಗೇ ಗೊತ್ತು, ಕೈತಪ್ಪಿ ಹೋಗಿರೋದು ರೂಢಿ ಅಷ್ಟೇ.

ನಮ್ಮಲ್ಲಿ ಏಪ್ರಿಲ್ 10ರ ಹೊತ್ತಿಗೆ ಫಲಿತಾಂಶ ಹೇಳಿ ಶಾಲೆ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ಮೇ ಕೊನೆಗೆ, ಹತ್ತಿರ ಹತ್ತಿರ 50 ದಿನ. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಅನ್ನೋರು ಮತ್ತವರ ಜೊತೆಯೋರು 1996ರಲ್ಲಿ 39 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಬೇಸಿಗೆ ರಜೆಯಲ್ಲಿ ಸುಮಾರು ಒಂದು ತಿಂಗಳ ಕಲಿಕೆ ಹಿಂದೆ ಸರಿಯುತ್ತೆ ಅಂತ ಕಂಡಿತ್ತು, ಅದರಲ್ಲೂ ಜಾಸ್ತಿ ಪೆಟ್ಟು ಬಿದ್ದಿದ್ದು ಲೆಕ್ಕ ಮಾಡೋದಕ್ಕೆ ಮತ್ತೆ ಸ್ಪೆಲಿಂಗಿಗೆ. ಅಲ್ಲಿ ಸ್ಪೆಲಿಂಗ್ ಆದ್ರೆ ನಮಗೆ ಒತ್ತಕ್ಷರ. ಹಣ್ಣು ಹೋಗಿ ಹಣು ಆಗುತ್ತೆ, ಕತ್ತೆ ಹೋಗಿ ಕತೆ ಆಗುತ್ತೆ, ಇನ್ನು ಅರ್ಕಾವತ್ತಂತೂ ಎಲ್ಲಕ್ಕಿಂತ ಮೊದಲು ಹೋಗೋದು. ಕೊರೊನಾದಲ್ಲಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದಾಗ ಏನಾಯ್ತು ಅಂತಾನೂ ನೋಡಿದೀವಿ: 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನೋರು ಕರ್ನಾಟಕವೂ ಸೇರಿ 5 ರಾಜ್ಯಗಳ 16,067 ಮಕ್ಕಳನ್ನ ನೋಡಿದ್ರು, ಹಿಂದಿನ ವರ್ಷ ಬರ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದಾದ್ರೂ ಕಳ್ಕೊಂಡಿದ್ದ ಮಕ್ಕಳು 92%, ಗಣಿತದಲ್ಲಿ 82%. ಬೇಸಿಗೆ ರಜೆ ಅಷ್ಟು ಉದ್ದ ಅಲ್ಲ ನಿಜ, ಆದ್ರೆ ಅದು ವರ್ಷಾ ವರ್ಷಾ ಬರುತ್ತೆ.

ಹಾಗಂತ ರಜೇಲಿ ಟ್ಯೂಷನ್‌ಗೆ ಹಾಕಿ ಅಂತ ನಾನು ಹೇಳಲ್ಲ. ಅಜ್ಜಿ ಮನೆ, ಜಾತ್ರೆ, ಕೆರೆ, ಮಾವಿನಕಾಯಿ, ಇದ್ಯಾವುದನ್ನೂ ಮಗುವಿನಿಂದ ಕಿತ್ಕೋಬಾರದು.

ಮೊದಮೊದಲು ನಾನೂ ರಜೆಗೆ ಹೋಂವರ್ಕ್ ಕೊಡ್ತಿದ್ದೆ, ಮಗ್ಗಿ 2ರಿಂದ 20ರವರೆಗೆ ಹತ್ತತ್ತು ಸಲ ಬರ್ಕೊಂಡು ಬನ್ನಿ ಅಂತ. ಒಂದು ವರ್ಷ ಒಬ್ಬ ಹುಡುಗನ ನೋಟ್‌ಬುಕ್ ಹಿಡ್ಕೊಂಡು ಸರಿಯಾಗಿ ನೋಡಿದೆ. ಏಳರ ಮಗ್ಗಿ ಬರೆಯೋಕೆ ಮೊದಲು ಮೇಲಿಂದ ಕೆಳಗೆ ಹತ್ತು ಸಲ 7 ಬರ್ಕೊಂಡಿದಾನೆ, ಆಮೇಲೆ ಹತ್ತು ಇಂಟು ಗುರುತು, ಆಮೇಲೆ 1ರಿಂದ 10, ಕೊನೇಗೆ ಉತ್ತರಗಳನ್ನ ಪುಸ್ತಕ ನೋಡಿ ಇಳಿಸಿದಾನೆ. ಅಷ್ಟು ಪುಟ ತುಂಬಿಸಿದ್ರೂ ಏಳಾರಲ ಎಷ್ಟು ಅಂತ ಒಂದು ಸಲಾನೂ ಅವನ ತಲೆ ಕೇಳ್ಕೊಂಡಿಲ್ಲ! ಅವತ್ತಿಂದ ಕಾಪಿ ಹೋಂವರ್ಕ್ ಬಿಟ್ಟೆ. ನೆನಪು ಗಟ್ಟಿಯಾಗೋದು ಪುಸ್ತಕ ಮುಚ್ಚಿಟ್ಟು ತಲೆಯಿಂದ ಹೊರಗೆ ತೆಗೆದಾಗ, ನೋಡಿ ಬರೆದಾಗ ಅಲ್ಲ. ಅದಕ್ಕೆ ಈಗ ಅಪ್ಪ ಅಮ್ಮಂದಿರಿಗೆ ನಾನು ಹೇಳೋದು ದಿನಕ್ಕೆ 15 ನಿಮಿಷ ಸಾಕು ಅಂತ, ಆದ್ರೆ ದಿನಾ ಬೇಕು, ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಿದ್ರೆ ಆಗಲ್ಲ. ರೊಟ್ಟಿ ತಟ್ತಾ ತಟ್ತಾ ಎಂಟೊಂಬತ್ಲ ಎಷ್ಟೋ ಅಂತ ಕೇಳಿ, ಒತ್ತಕ್ಷರ ಇರೋ ಐದು ಪದ ಬಾಯಲ್ಲಿ ಹೇಳಿ ಬರೆಸಿ, ಬರೆದಾದ ಮೇಲೆ ಮಗುನೇ ಪುಸ್ತಕ ತೆಗೆದು ತಪ್ಪು ಹುಡುಕ್ಲಿ. ಊರಿನ ಪಂಚಾಯಿತಿ ಲೈಬ್ರರಿ, ಅಂದ್ರೆ ಈಗಿನ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಕಥೆ ಪುಸ್ತಕ ಸಿಗುತ್ತೆ, ಅದಕ್ಕಿಷ್ಟವಾದ ಪುಸ್ತಕ ತಂದು ಅಜ್ಜಿಗೆ ಜೋರಾಗಿ ಓದಿ ಹೇಳಲಿ. ಯಾವ ಪುಸ್ತಕ ಅನ್ನೋದು ಅದರ ಇಷ್ಟ.

ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ತಾಯಿ ಫಲಿತಾಂಶದ ದಿನ ಬಂದು "ನಂಗೆ ಅಕ್ಷರನೇ ಬರಲ್ಲ ಮಿಸ್, ನಾನೇನು ಹೇಳ್ಕೊಡ್ಲಿ" ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ರು. ಅವರು ಸಂತೇಲಿ ತರಕಾರಿ ಮಾರೋರು. ನೋಡಮ್ಮ, ಲೆಕ್ಕ ನಿಮಗೆ ಬರೋ ಅಷ್ಟು ಚೆನ್ನಾಗಿ ಯಾರಿಗೆ ಬರುತ್ತೆ, ಟೊಮೇಟೊ ಕೆಜಿಗೆ 18, ಮೂರು ಕೆಜಿ ತಗೊಂಡು 100 ಕೊಟ್ರೆ ಚಿಲ್ಲರೆ ಎಷ್ಟು ಕೊಡಬೇಕು ಅಂತ ಮಗಳ ಕೈಲೇ ಹೇಳಿಸಿ, ನಿಮಗೆ ಮೊದಲೇ ಉತ್ತರ ಗೊತ್ತಿದ್ರೂ ಸುಮ್ಮನಿರಿ, ಅವಳೇ ಹೇಳಲಿ ಅಂದೆ. ಅವರು ನಿಜವಾಗ್ಲೂ ರಜೆ ಪೂರ್ತಿ ಪ್ರತಿ ಸಂತೇಲೂ ಹಾಗೇ ಮಾಡಿದಾರೆ.

ಜೂನ್‌ನಲ್ಲಿ ಸೇತುಬಂಧದ ವಾರ, ಅಂದ್ರೆ ಹಿಂದಿನ ಕ್ಲಾಸಿನ ಕಲಿಕೆನ ಮತ್ತೆ ನೆನಪಿಸೋ ವಾರ, ಅದೇ 52ರಲ್ಲಿ 27 ಬರೆದೆ. ಈ ಹುಡುಗಿ ಸ್ಲೇಟಲ್ಲಿ ಬರೀ 25 ಅಂತ ಬರೆದು ಇಟ್ಟಿದಾಳೆ, ಪಕ್ಕದ ಹತ್ತರಿಂದ ತಗೊಂಡಿರೋ ಗುರುತೇ ಇಲ್ಲ. ಹೇಗೆ ಬಂತು ಅಂದೆ. "27ಕ್ಕೆ 3 ಕೊಟ್ರೆ 30 ಮಿಸ್, ಆಮೇಲೆ 20 ಕೊಟ್ರೆ 50, ಆಮೇಲೆ ಇನ್ನೆರಡು" ಅಂತ ಬೆರಳು ಮಡಚಿ ಹೇಳಿದ್ಲು, ಚಿಲ್ಲರೆ ಎಣಿಸಿ ಕೊಡೋ ಹಾಗೆ. ಅವತ್ತು ಬೋರ್ಡ್ ಹತ್ರ ಅವಳನ್ನೇ ನಿಲ್ಲಿಸಿದೆ, 35 ಬರೆದಿದ್ದ ಮಕ್ಕಳೆಲ್ಲ ಅವಳ ಜೊತೆ 27ರಿಂದ ಮೇಲಕ್ಕೆ ಎಣಿಸಿದ್ರು. ಹತ್ತರಿಂದ ತಗೊಳೋ ಪದ್ಧತಿನ ಮಾರನೇ ದಿನ ಹೇಳ್ಕೊಟ್ಟೆ.